ಸೊನ್ನೆ ತಪ್ಪು ಅಂತ ತೋರಿಸಿದ ಟೆಸ್ಟ್

ಡಿಸೆಂಬರ್ 31ರ ಸಂಜೆ ನಾಲ್ಕು ಗಂಟೆ. ಹ್ಯಾಂಡ್‌ಪೋಸ್ಟಿನ ಒಂದು ಜೆರಾಕ್ಸ್ ಅಂಗಡಿಯಿಂದ ನಮಗೆ ಫೋನ್ ಬಂತು. "ನಿಮ್ ಸೈಟು ಸುಮ್ನೆ ತಿರುಗ್ತಾನೇ ಅದೆ ಸಾ. ಇಲ್ಲಿ ಏಳೆಂಟು ಮಕ್ಳು ಕಾಯ್ತಾ ಕುಂತವ್ರೆ. ಏನ್ ಹೇಳ್ಲಿ?"

ನಮಗೂ ಏನು ಹೇಳಬೇಕೋ ತಿಳಿಯಲಿಲ್ಲ. ಹದಿನೈದು ದಿನದ ಹಿಂದೆ ಅದೇ ಸೈಟನ್ನು ಪರೀಕ್ಷೆ ಮಾಡಿ, "ಮುನ್ನೂರು ಜನ ಒಟ್ಟಿಗೆ ಬಂದರೂ ಏನೂ ಆಗಲ್ಲ" ಅಂತ ಎದೆ ತಟ್ಟಿ ಹೇಳಿದವರು ನಾವೇ.

ನಾವು ನಾಲ್ಕು ಜನ. ಒಬ್ಬರು ಹುಣಸೂರು, ಒಬ್ಬರು ಪಿರಿಯಾಪಟ್ಟಣ, ಒಬ್ಬರು ಕೆ.ಆರ್.ನಗರ, ಒಬ್ಬರು ಕೋಟೆ. ಮೈಸೂರಿನಲ್ಲಿ ಒಟ್ಟಿಗೆ ಪತ್ರಿಕೋದ್ಯಮ ಓದಿದವರು. ಕಂಪ್ಯೂಟರ್ ಓದಿದವರಲ್ಲ. ಹಾಗಿದ್ದರೂ ಈ ಕೆಲಸಕ್ಕೆ ಕೈ ಹಾಕಿದ್ದು ಸರಗೂರಿನ ನಮ್ಮ ಗೆಳೆಯನಿಂದಾಗಿ. ಅವನು ಡಿಪ್ಲೊಮಾ ಮುಗಿಸಿ ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುತ್ತಾನೆ. ಒಂದು ಸಂಸ್ಥೆಯವರು ಹಾಡಿಗಳ ಮತ್ತು ಬಡ ಮನೆಗಳ ಮಕ್ಕಳಿಗೆ ಓದಿನ ಖರ್ಚಿಗೆಂದು ಸ್ವಲ್ಪ ಹಣ ಕೊಡುತ್ತಾರೆ. ಅದಕ್ಕೆ ಅರ್ಜಿ ಹಾಕುವ ಸೈಟನ್ನು ಅವನು ಮಾಡಿದ್ದ. "ಕೊನೇ ದಿನ ಎಲ್ಲರೂ ಒಟ್ಟಿಗೆ ಬೀಳ್ತಾರೆ, ತಡೀತದಾ ನೋಡ್ಬೇಕು, ಒಂದ್ ಭಾನುವಾರ ಬನ್ನಿ" ಅಂತ ಕರೆದ. ಸಂಸ್ಥೆಯವರ ಒಪ್ಪಿಗೆಯನ್ನೂ ತೆಗೆದುಕೊಂಡಿದ್ದ. ಹೋದೆವು.

ಒಟ್ಟಿಗೆ ಬೀಳುವುದು ಅಂದರೆ ಏನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. 2021ರ ಏಪ್ರಿಲ್ 28ರ ಸಂಜೆ ನಾಲ್ಕಕ್ಕೆ 18 ವರ್ಷ ಮೇಲ್ಪಟ್ಟವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆದಾಗ ಎಷ್ಟು ಜನ ಓಟಿಪಿ ಬರಲಿಲ್ಲ ಅಂತ ಫೋನ್ ಕುಟ್ಟುತ್ತಾ ಕೂತಿದ್ದೆವು, ನೆನಪಿದೆಯಾ? 2023ರ ಜೂನ್ 18ಕ್ಕೆ ಗೃಹಜ್ಯೋತಿ ನೋಂದಣಿ ಶುರುವಾದಾಗಲೂ "ಸರ್ವರ್ ಬ್ಯುಸಿ" ಅನ್ನುವ ಮಾತು ಊರೂರಲ್ಲಿ ಕೇಳಿತು. ಮರುತಿಂಗಳು ಗೃಹಲಕ್ಷ್ಮಿ ನೋಂದಣಿ ಬಂದಾಗ, ನೀವು ಇಂಥ ದಿನ, ಇಂಥ ಕೇಂದ್ರಕ್ಕೆ ಬನ್ನಿ ಅಂತ ಮೊಬೈಲಿಗೆ ಮೆಸೇಜ್ ಕಳಿಸಿ ಜನರನ್ನು ಹಂಚುವ ಏರ್ಪಾಡು ಮಾಡಿದರು. ನುಗ್ಗುವ ಜನರನ್ನು ಮೊದಲೇ ಲೆಕ್ಕ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆ ಲೆಕ್ಕ ಹಾಕುವುದಕ್ಕೆ ಲೋಡ್ ಟೆಸ್ಟ್ ಅಂತಾರೆ. ನಿಜವಾದ ಜನ ಬರುವ ಮೊದಲು ಒಂದು ತಂತ್ರಾಂಶದಿಂದ ಸುಳ್ಳು ಜನರನ್ನು ಹುಟ್ಟಿಸಿ ಸೈಟಿನ ಮೇಲೆ ಬಿಡುವುದು. ಗೆಳೆಯ ಇದಕ್ಕೆ ಬಳಸಿದ್ದು ಜೆ-ಮೀಟರ್. 1998ರಿಂದ ಇರುವ ಹಳೇ ತಂತ್ರಾಂಶ, ಪುಕ್ಕಟೆ ಸಿಗುತ್ತದೆ. ನಾವು ಒಂದು ಸಲ ಲಾಗಿನ್ ಆಗಿ, ಅರ್ಜಿ ತುಂಬಿ, ಸಲ್ಲಿಸಿ ತೋರಿಸಿದರೆ ಅದು ಎಲ್ಲವನ್ನೂ ದಾಖಲು ಮಾಡಿಕೊಳ್ಳುತ್ತದೆ. ಆಮೇಲೆ "ಇದನ್ನೇ 300 ಜನ ಮಾಡಲಿ" ಅಂದರೆ ಮಾಡುತ್ತದೆ.

ನಮ್ಮ ಭಾನುವಾರದ ಟೆಸ್ಟ್ ಐದು ನಿಮಿಷದಲ್ಲಿ ಮುಗಿಯಿತು. ಕೊನೆಯ ಪಟ್ಟಿಯಲ್ಲಿ ತಪ್ಪಿನ ಕಾಲಂ ಮುಂದೆ 0.00 ಪರ್ಸೆಂಟ್. ಒಂದೊಂದು ಉತ್ತರಕ್ಕೂ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿದಿರಲಿಲ್ಲ. ಗೆಳೆಯನ ಬೆನ್ನು ತಟ್ಟಿ, ಅವರ ಮನೆಯಲ್ಲಿ ಮುದ್ದೆ ಸಾರು ಉಂಡು ಬಂದೆವು. ಅಷ್ಟು ಬೇಗ ಉತ್ತರ ಯಾಕೆ ಬಂತು ಅಂತ ಒಬ್ಬರೂ ಕೇಳಲಿಲ್ಲ. ಪ್ರಶ್ನೆ ಕೇಳುವುದನ್ನೇ ಎರಡು ವರ್ಷ ಓದಿದವರು ನಾವು.

ಈಗ ಆ ಟೆಸ್ಟಿನಲ್ಲಿ ಆಗಿದ್ದೇನು ಅಂತ ಹೇಳುತ್ತೇವೆ. ಸ್ವಲ್ಪ ನಿಧಾನವಾಗಿ ಓದಿ. ಇದು ನಿಮ್ಮ ಫೋನಿನಲ್ಲಿ ದಿನಾ ನಡೆಯುವ ಕತೆಯೂ ಹೌದು.

ವೆಬ್‌ಸೈಟಿಗೆ ನೆನಪಿನ ಶಕ್ತಿ ಇಲ್ಲ. ನೀವು ಲಾಗಿನ್ ಆಗಿ ಮುಂದಿನ ಪುಟ ಒತ್ತಿದರೆ, ಒತ್ತಿದವರು ನೀವೇ ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಲಾಗಿನ್ ಆದ ಕೂಡಲೇ ನಿಮ್ಮ ಫೋನಿಗೆ ಒಂದು ಗುರುತು ಕೊಟ್ಟು ಕಳಿಸುತ್ತದೆ. ಇದಕ್ಕೆ ಕುಕಿ ಅಂತಾರೆ. ಆಮೇಲೆ ಪ್ರತಿ ಸಲ ನೀವು ಏನಾದರೂ ಒತ್ತಿದಾಗ ಫೋನು ತಾನೇ ಆ ಗುರುತನ್ನು ತೋರಿಸುತ್ತದೆ. ಜಾತ್ರೆಯಲ್ಲಿ ಕೈಗೆ ಒತ್ತಿದ ಸೀಲಿನ ಹಾಗೆ.

ಆದರೆ ಇದರಲ್ಲಿ ಒಂದು ಅಪಾಯ ಇದೆ. ನೀವು ಒಂದು ಸೈಟಿಗೆ ಲಾಗಿನ್ ಆಗಿದ್ದೀರಿ. ಅಷ್ಟರಲ್ಲಿ ವಾಟ್ಸಾಪಿನಲ್ಲಿ "ಉಚಿತ ರೀಚಾರ್ಜ್" ಅಂತ ಲಿಂಕ್ ಬಂತು, ಒತ್ತಿದಿರಿ. ಆ ಕಳ್ಳ ಪುಟ ನಿಮಗೆ ಗೊತ್ತಾಗದ ಹಾಗೆ ಮೊದಲಿನ ಸೈಟಿಗೆ "ಇವರ ಖಾತೆ ನಂಬರ್ ಬದಲಾಯಿಸಿ" ಅಂತ ಒಂದು ಕೋರಿಕೆ ಕಳಿಸಬಹುದು. ಫೋನು ಪಾಪ, ಗುರುತನ್ನು ತಾನೇ ಸೇರಿಸಿ ಕಳಿಸಿಬಿಡಬಹುದು. ಸೈಟು ನೀವೇ ಕೇಳಿದ್ದು ಅಂದುಕೊಳ್ಳುತ್ತದೆ. ಈ ಮೋಸಕ್ಕೆ ಸಿಎಸ್‌ಆರ್‌ಎಫ್ ಅಂತ ಹೆಸರು.

ಇದನ್ನು ತಡೆಯಲು ಸೈಟು ತನ್ನ ಪ್ರತಿ ಅರ್ಜಿಯ ಪುಟದಲ್ಲೂ ಕಣ್ಣಿಗೆ ಕಾಣದ ಒಂದು ಉದ್ದನೆಯ ಗುಟ್ಟಿನ ಅಕ್ಷರಮಾಲೆಯನ್ನು ಅಡಗಿಸಿಡುತ್ತದೆ. ಅದೇ ಟೋಕನ್. ನೀವು ಸಲ್ಲಿಸು ಒತ್ತಿದಾಗ ಅದೂ ವಾಪಸ್ ಹೋಗುತ್ತದೆ. ತಾನು ಕೊಟ್ಟ ಟೋಕನ್ನೇ ವಾಪಸ್ ಬಂದರೆ ಮಾತ್ರ ಸೈಟು ನಂಬುತ್ತದೆ. ಕಳ್ಳ ಪುಟಕ್ಕೆ ಆ ಟೋಕನ್ ಓದಲು ಆಗುವುದಿಲ್ಲ, ಹಾಗಾಗಿ ಅದರ ಆಟ ನಡೆಯುವುದಿಲ್ಲ. ಟೋಕನ್ ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೆ ಅವಧಿಯೂ ಇರುತ್ತದೆ.

ಆಸ್ಪತ್ರೆಯ ಹೊರರೋಗಿ ಚೀಟಿಯನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು. ಇವತ್ತಿನ ಚೀಟಿ ಇವತ್ತಿಗೆ, ನಿಮ್ಮ ಚೀಟಿ ನಿಮಗೆ. ನಿನ್ನೆಯ ಚೀಟಿ ತಂದರೆ ಬಾಗಿಲಲ್ಲಿ ನಿಂತವರು "ಹೋಗಿ, ಹೊಸ ಚೀಟಿ ಮಾಡಿಸ್ಕೊಂಡ್ ಬನ್ನಿ" ಅಂತಾರೆ.

ನಾವು ಮಾಡಿದ್ದು ಇಷ್ಟೇ. ಜೆ-ಮೀಟರ್ ದಾಖಲು ಮಾಡಿಕೊಂಡಾಗ ನಮಗೆ ಸಿಕ್ಕಿದ್ದ ಒಂದು ಟೋಕನ್ನನ್ನೂ ಹಾಗೇ ಬರೆದಿಟ್ಟುಕೊಂಡಿತ್ತು. ಟೆಸ್ಟಿನಲ್ಲಿ 300 ಜನರ ಕೈಗೂ ಅದನ್ನೇ ಕೊಟ್ಟಿತು. ನಿನ್ನೆಯ ಒಂದು ಚೀಟಿಯನ್ನು 300 ಜೆರಾಕ್ಸ್ ಮಾಡಿಸಿ ಹಂಚಿದ ಹಾಗೆ. ಸರ್ವರ್ 300 ಜನರನ್ನೂ ಬಾಗಿಲಲ್ಲೇ ತಡೆದು, "ಪುಟದ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ" ಅಂತ ಲಾಗಿನ್ ಪುಟಕ್ಕೆ ವಾಪಸ್ ಕಳಿಸಿತು.

ಹಾಗಾದರೆ ತಪ್ಪು ಅಂತ ಯಾಕೆ ತೋರಿಸಲಿಲ್ಲ? ಸರ್ವರ್ ಕೊಡುವ ಪ್ರತಿ ಉತ್ತರಕ್ಕೂ ಒಂದು ನಂಬರ್ ಇರುತ್ತದೆ. 200 ಅಂದರೆ ಸರಿ. 404 ಅಂದರೆ ಆ ಪುಟ ಇಲ್ಲ. 500 ಅಂದರೆ ಸರ್ವರ್ ಒಳಗೇ ಎಡವಟ್ಟು. 302 ಅಂದರೆ ಇಲ್ಲಲ್ಲ, ಅಲ್ಲಿಗೆ ಹೋಗು. ನಮ್ಮ 300 ಜನಕ್ಕೂ ಮೊದಲು 302 ಬಂತು. ತಂತ್ರಾಂಶ ಸುಮ್ಮನೆ ಅದು ತೋರಿಸಿದ ಕಡೆ ಹೋಯಿತು. ಅಲ್ಲಿ ಲಾಗಿನ್ ಪುಟ ಚೆನ್ನಾಗಿ ತೆರೆಯಿತು. 200. ಎಲ್ಲಾ ಸರಿ ಅಂತ ಬರೆದುಕೊಂಡಿತು.

ಅಂದರೆ ಬಾಗಿಲಿಂದ ವಾಪಸ್ ಬಂದ 300 ಜನರನ್ನು ನಾವು ಚಿಕಿತ್ಸೆ ಆದವರು ಅಂತ ಲೆಕ್ಕ ಹಾಕಿದ್ದೆವು.

ಉತ್ತರ ಅಷ್ಟು ಬೇಗ ಬಂದಿದ್ದಕ್ಕೂ ಕಾರಣ ಅದೇ. ಸರ್ವರಿಗೆ ಹೆಚ್ಚು ಕಷ್ಟ ಕೊಡುವ ಕೆಲಸಗಳಲ್ಲಿ ಪಾಸ್‌ವರ್ಡ್ ತಾಳೆ ನೋಡುವುದೂ ಒಂದು. ಪಾಸ್‌ವರ್ಡನ್ನು ಇದ್ದ ಹಾಗೇ ಇಡಬಾರದು, ಅರೆದು ಗುರುತು ಸಿಗದ ಹಾಗೆ ಮಾಡಿ ಇಡಬೇಕು. ಆ ಅರೆಯುವ ಕೆಲಸವನ್ನು ಬೇಕಂತಲೇ ನಿಧಾನ ಮಾಡಿರುತ್ತಾರೆ. ಕಳ್ಳ ಒಂದಾದ ಮೇಲೆ ಒಂದು ಲಕ್ಷಗಟ್ಟಲೆ ಪಾಸ್‌ವರ್ಡ್ ಹಾಕಿ ನೋಡಬಾರದು ಅಂತ. ಗೆಳೆಯನ ಸೈಟಿನಲ್ಲಿ ಟೋಕನ್ ನೋಡುವುದು ಮೊದಲು, ಪಾಸ್‌ವರ್ಡ್ ಅರೆಯುವುದು ಆಮೇಲೆ. ನಮ್ಮ ಸುಳ್ಳು ಜನ ಮೊದಲ ಮೆಟ್ಟಿಲಲ್ಲೇ ಜಾರಿದ್ದರಿಂದ ಭಾರದ ಕೆಲಸ ಶುರುವೇ ಆಗಲಿಲ್ಲ.

ಡಿಸೆಂಬರ್ 31ಕ್ಕೆ ನಿಜವಾದ ಜನ ಬಂದರು. ಅವರ ಕೈಯಲ್ಲಿ ಇವತ್ತಿನ ಚೀಟಿಯೇ ಇತ್ತು. ಟೋಕನ್ ಸರಿ ಇತ್ತು, ಪಾಸ್‌ವರ್ಡ್ ಅರೆಯಬೇಕಾಯಿತು. ಒಳಗೆ ಹೋದ ಮೇಲೆ ನಾಲ್ಕೂ ತಾಲ್ಲೂಕಿನ ಶಾಲೆಗಳ ಪಟ್ಟಿ ಹುಡುಕಿ ತೆಗೆಯಬೇಕಾಯಿತು. ಫೋಟೋ, ಅಂಕಪಟ್ಟಿ ತೆಗೆದುಕೊಳ್ಳಬೇಕಾಯಿತು. ಸರ್ವರ್ ಉಸಿರುಗಟ್ಟಿತು. ಜನ ತೆರೆಯಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದರು. ಒಂದೊಂದು ಒತ್ತೂ ಇನ್ನೊಂದು ಭಾರ.

ಹ್ಯಾಂಡ್‌ಪೋಸ್ಟಿನ ಅಂಗಡಿಯಲ್ಲಿ ಕಾಯುತ್ತಿದ್ದವರಲ್ಲಿ ಕಾಡಂಚಿನ ಹಾಡಿಯ ಒಬ್ಬ ಹುಡುಗಿಯೂ ಇದ್ದಳು. ಪಿಯುಸಿ ಓದುತ್ತಿದ್ದಳು. ಚಿಕ್ಕಪ್ಪ ಒಂದು ದಿನದ ಕೂಲಿ ಬಿಟ್ಟು ಕರೆದುಕೊಂಡು ಬಂದಿದ್ದರು. ಕತ್ತಲಾದ ಮೇಲೆ ಆ ಕಡೆ ಹೋಗುವುದು ಹುಡುಗಾಟವಲ್ಲ. ಬಸ್ಸು ತಪ್ಪಿದರೆ ದಾರಿ ಇಲ್ಲ, ಆನೆಯ ಭಯ ಬೇರೆ. ಐದರವರೆಗೆ ಕಾದು ಎದ್ದು ಹೋದರು.

ಆ ರಾತ್ರಿ ಗೆಳೆಯ ಮತ್ತು ನಾವು ಸರ್ವರಿನ ದಾಖಲೆ ತೆಗೆದು ಕೂತೆವು. ನಮ್ಮ ಹಳೇ ಟೆಸ್ಟಿನ ಸಾಲುಗಳೂ ಅಲ್ಲೇ ಇದ್ದವು. 302, 302, 302. ಪುಟ ಜಾರಿಸಿದಷ್ಟೂ ಅದೇ. ಗೆಳೆಯ ತಲೆ ಮೇಲೆ ಕೈ ಹೊತ್ತ. ನಮಗೂ ಆಗಲೇ ಅರ್ಥವಾಗಿದ್ದು.

ಬೆಳಿಗ್ಗೆ ಸಂಸ್ಥೆಯವರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವರು ಬೈಯಲಿಲ್ಲ. ಐದು ದಿನ ಗಡುವು ಮುಂದೆ ಹಾಕಿದರು.

ಸರಿಯಾದ ಟೆಸ್ಟ್ ಮಾಡುವುದಕ್ಕೆ ಎರಡು ರಾತ್ರಿ ಹಿಡಿಯಿತು. ಇಂಥ ಕೆಲಸ ಮಾಡುವ ತಮ್ಮ ತಂಗಿಯರು ನಿಮ್ಮಲ್ಲೂ ಇರಬಹುದು, ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತೇವೆ.

ಮೊದಲು, ಪ್ರತಿ ಸುಳ್ಳು ಮನುಷ್ಯನೂ ಮೊದಲು ಲಾಗಿನ್ ಪುಟವನ್ನು ತಾನೇ ತೆರೆಯಬೇಕು. ಅದರಲ್ಲಿ ಅಡಗಿರುವ ಟೋಕನ್ನನ್ನು ಹುಡುಕಿ ತೆಗೆದು, ಮುಂದಿನ ಹೆಜ್ಜೆಯಲ್ಲಿ ಅದನ್ನೇ ಕಳಿಸಬೇಕು. ಜೆ-ಮೀಟರಿನಲ್ಲಿ ಇದಕ್ಕೆ ಎಕ್ಸ್‌ಟ್ರಾಕ್ಟರ್ ಅನ್ನುವ ಸಲಕರಣೆ ಇದೆ. ಒಂದೇ ಸಲ ತೆಗೆದರೆ ಸಾಲದು. ಅರ್ಜಿಯ ಪುಟದಲ್ಲಿ ಹೊಸ ಟೋಕನ್ ಬಂದರೆ ಅಲ್ಲೂ ತೆಗೆಯಬೇಕು. ಕುಕಿಯನ್ನು ನೋಡಿಕೊಳ್ಳಲು ಕುಕಿ ಮ್ಯಾನೇಜರ್ ಸೇರಿಸಬೇಕು.

ಎರಡನೆಯದು, ಎಲ್ಲರಿಗೂ ಒಂದೇ ಗುರುತು ಕೊಡಬಾರದು. ಇದರಲ್ಲೂ ನಾವು ಒಮ್ಮೆ ಎಡವಿದೆವು. ಒಂದೇ ಕುಕಿಯನ್ನು ಎಲ್ಲರಿಗೂ ಅಂಟಿಸಿದಾಗ ಟೆಸ್ಟ್ ಆಮೆಯ ಹಾಗೆ ನಡೆಯಿತು. ಗೆಳೆಯನ ಸೈಟು ಪಿಎಚ್‌ಪಿಯಲ್ಲಿ ಮಾಡಿದ್ದು. ಅದರ ಮಾಮೂಲಿ ವ್ಯವಸ್ಥೆಯಲ್ಲಿ ಒಂದು ಗುರುತಿನ ಒಂದು ಕೆಲಸ ಮುಗಿಯುವ ತನಕ ಅದೇ ಗುರುತಿನ ಇನ್ನೊಂದು ಕೆಲಸ ಸಾಲಿನಲ್ಲಿ ಕಾಯುತ್ತದೆ. ಮೊದಲನೇ ಟೆಸ್ಟ್ ಸುಳ್ಳೇ ಒಳ್ಳೇ ಸುದ್ದಿ ಕೊಟ್ಟಿತ್ತು, ಇದು ಸುಳ್ಳೇ ಕೆಟ್ಟ ಸುದ್ದಿ ಕೊಟ್ಟಿತು. ಕೊನೆಗೆ 300 ಸುಳ್ಳು ಹೆಸರು, 300 ಪಾಸ್‌ವರ್ಡ್ ಒಂದು ಪಟ್ಟಿಯಲ್ಲಿ ಬರೆದು ಕೊಟ್ಟೆವು.

ಮೂರನೆಯದು, ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. 200 ಬಂತು ಅಂತ ನಂಬಬಾರದು. ಒಳಗೆ ಹೋದ ಮೇಲೆ ಮಾತ್ರ ಕಾಣುವ ಒಂದು ಮಾತನ್ನು ಹುಡುಕಿ ಅಂತ ತಂತ್ರಾಂಶಕ್ಕೆ ಹೇಳಬೇಕು. ನಾವು "ನಿಮ್ಮ ಅರ್ಜಿ ಸಂಖ್ಯೆ" ಅನ್ನುವುದನ್ನು ಹುಡುಕಿಸಿದೆವು. ಅದು ಕಂಡರೆ ಮಾತ್ರ ಸರಿ, ಕಾಣದಿದ್ದರೆ ತಪ್ಪು. ಟೆಸ್ಟ್ ಮುಗಿದ ಮೇಲೆ ಸರ್ವರಿನ ಪೆಟ್ಟಿಗೆ ತೆರೆದು ಅರ್ಜಿಗಳನ್ನು ಎಣಿಸಿದೆವು. ಹೋದವರು ಎಷ್ಟೋ ಅರ್ಜಿಗಳೂ ಅಷ್ಟೇ ಇರಬೇಕು.

ಹೀಗೆ ಮಾಡಿದ ಟೆಸ್ಟಿನಲ್ಲಿ, ಮುನ್ನೂರು ಜನಕ್ಕೆ ಜಗ್ಗದ ಸರ್ವರ್ ನಲವತ್ತು ಜನಕ್ಕೇ ಮಂಡಿ ಊರಿತು. ಗೆಳೆಯ ಶಾಲೆಗಳ ಪಟ್ಟಿಯನ್ನು ಬೇಗ ಸಿಗುವ ಹಾಗೆ ಜೋಡಿಸಿದ, ಫೋಟೋದ ಗಾತ್ರ ಕುಗ್ಗಿಸಿದ, ಐದು ದಿನದ ಮಟ್ಟಿಗೆ ದೊಡ್ಡ ಸರ್ವರ್ ಬಾಡಿಗೆಗೆ ಹಿಡಿದ. ಆಮೇಲೆ ತಡೆಯಿತು.

ನಡುವೆ ಒಂದು ಆಸೆಯೂ ಬಂದಿತ್ತು. "ಟೆಸ್ಟ್ ಮುಗಿಯೋವರ್ಗೂ ಟೋಕನ್ ನೋಡೋದನ್ನೇ ಆಫ್ ಮಾಡ್ಬಿಡಣ, ಇಷ್ಟು ತಲೆನೋವು ಯಾಕೆ" ಅಂದ ಗೆಳೆಯ. ಬೇಡ ಅಂದೆವು. ಆಫ್ ಮಾಡಿದ್ದನ್ನು ಆನ್ ಮಾಡಲು ಮರೆತರೆ ಮಕ್ಕಳ ಖಾತೆ ನಂಬರ್ ಇರುವ ಸೈಟಿಗೆ ಬೀಗವೇ ಇಲ್ಲದ ಹಾಗೆ. ಅಲ್ಲದೆ ಬೀಗ ತೆಗೆದ ಮನೆಯನ್ನು ಪರೀಕ್ಷಿಸಿದರೆ ಬೀಗ ಇರುವ ಮನೆಯ ಸುದ್ದಿ ಹೇಗೆ ಗೊತ್ತಾಗುತ್ತದೆ? ಇಷ್ಟೆಲ್ಲಾ ಬುದ್ಧಿ ಹೇಳಿದ ನಾವೇ, ಅವತ್ತು ರಾತ್ರಿ ಟೆಸ್ಟಿನ ಕಡತವನ್ನು ಅದರೊಳಗಿದ್ದ ಅಡ್ಮಿನ್ ಪಾಸ್‌ವರ್ಡ್ ಸಮೇತ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದೆವು. ನೋಡಿದ ತಕ್ಷಣ ಪಾಸ್‌ವರ್ಡ್ ಬದಲಾಯಿಸಿದ್ದಾಯಿತು. ಟೆಸ್ಟಿಗೆ ಸೈಟಿನ ಬೇರೆ ಪ್ರತಿ, ಸುಳ್ಳು ಹೆಸರು, ಸುಳ್ಳು ನಂಬರ್ ಇರಬೇಕು. ನಿಜವಾದ ಮಕ್ಕಳ ಆಧಾರ್ ಅದರ ಹತ್ತಿರವೂ ಸುಳಿಯಬಾರದು.

ಇನ್ನೊಂದು ಎಚ್ಚರಿಕೆ. ಇದನ್ನು ಓದಿ ಯಾರದೋ ಸೈಟಿನ ಮೇಲೆ ಮುನ್ನೂರು ಸುಳ್ಳು ಜನರನ್ನು ಬಿಡಬೇಡಿ. ಒಪ್ಪಿಗೆ ಇಲ್ಲದೆ ಹಾಗೆ ಮಾಡಿ ಬೇರೆಯವರಿಗೆ ಸೇವೆ ಸಿಗದಂತೆ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ಮತ್ತು 66ರ ಕೆಳಗೆ ಬರುತ್ತದೆ. ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಆಗಬಹುದು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ನಕಲಿ ಖಾತೆಗಳಿಂದ ಲಕ್ಷಗಟ್ಟಲೆ ಕೋರಿಕೆ ಸುರಿದು ನೋಂದಣಿ ಕೆಲಸಕ್ಕೇ ತೊಂದರೆಯಾಗಿದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಪೊಲೀಸ್ ಕೇಸೇ ಆಯಿತು.

ಬಾಗಿಲಲ್ಲೇ ಸಿಕ್ಕಿಕೊಳ್ಳುವುದು ನಮ್ಮ ಕಡೆಯ ಬಡ ಸೈಟುಗಳಿಗೆ ಮಾತ್ರ ಆಗುವುದಲ್ಲ. ಅಮೆರಿಕ ಸರ್ಕಾರ 2013ರ ಅಕ್ಟೋಬರ್ 1ಕ್ಕೆ ಆರೋಗ್ಯ ವಿಮೆಯ ಸೈಟು ತೆರೆಯಿತು. ಕೋಟಿ ಕೋಟಿ ಡಾಲರ್ ಖರ್ಚು. ಲಕ್ಷಗಟ್ಟಲೆ ಜನ ಬಂದರು. ಮೊದಲು ಖಾತೆ ತೆರೆದು ಲಾಗಿನ್ ಆಗದೆ ಮುಂದೆ ಹೋಗುವ ಹಾಗಿರಲಿಲ್ಲ, ಆ ಬಾಗಿಲೇ ಕಟ್ಟಿಕೊಂಡಿತು. ಮೊದಲ ದಿನ ಕೊನೆಯ ತನಕ ಹೋಗಿ ವಿಮೆಗೆ ಸೇರಿದವರು ಆರು ಜನ. ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಕಾಯುತ್ತಿದ್ದ ಮಕ್ಕಳಷ್ಟೂ ಅಲ್ಲ.

ಬಂದವರು ಎಷ್ಟು ಅನ್ನುವುದು ಒಂದು ಲೆಕ್ಕ, ಒಳಗೆ ಹೋದವರು ಎಷ್ಟು ಅನ್ನುವುದು ಇನ್ನೊಂದು ಲೆಕ್ಕ. ವರದಿ ಬರೆಯುವಾಗ ನಾವು ಮೊದಲನೆಯದನ್ನೇ ಬರೆದುಕೊಂಡು ಬರುತ್ತಿದ್ದೆವು. ಶಿಬಿರಕ್ಕೆ ಇಷ್ಟು ಜನ ಬಂದರು, ಅದಾಲತ್ತಿನಲ್ಲಿ ಇಷ್ಟು ಅರ್ಜಿ ಸ್ವೀಕರಿಸಲಾಯಿತು, ಇಷ್ಟು ದೂರಿಗೆ ಉತ್ತರ ಕೊಡಲಾಯಿತು. ಉತ್ತರ ಅಂದರೆ "ಇಲ್ಲಲ್ಲ, ಅಲ್ಲಿಗೆ ಹೋಗಿ" ಅನ್ನುವುದೂ ಉತ್ತರವೇ. 302 ಕೂಡ ಉತ್ತರವೇ. ಕೈಯಲ್ಲಿ ಚೀಟಿ ಹಿಡಿದು ಈ ಟೇಬಲ್ಲಿಂದ ಆ ಟೇಬಲ್ಲಿಗೆ ಅಲೆದ ನಮ್ಮ ಅಜ್ಜಿಯರಿಗೆ ಇದು ಕಂಪ್ಯೂಟರ್ ಬರುವ ಮೊದಲೇ ಗೊತ್ತಿತ್ತು.

ಇನ್ನು ಆ ಮಕ್ಕಳ ವಿಷಯ. ಹೆಸರು ನೋಂದಾಯಿಸಿ, ಅರ್ಜಿ ಸಲ್ಲಿಸಲಾಗದೆ ಉಳಿದಿದ್ದವರು 41 ಜನ. ನಾಲ್ಕೂ ತಾಲ್ಲೂಕಿನವರಿದ್ದರು. ನಾವು ಹಂಚಿಕೊಂಡು ಫೋನ್ ಮಾಡಿದೆವು. 38 ಜನ ಸಿಕ್ಕರು. ಉಳಿದ ಮೂವರ ಫೋನ್ ಸ್ವಿಚ್ ಆಫ್. ಬೈಕ್ ಹತ್ತಿ ಹುಡುಕಿಕೊಂಡು ಹೋದೆವು. ಇಬ್ಬರು ಸಿಕ್ಕರು, ನಮ್ಮ ಫೋನಿನಲ್ಲೇ ಅರ್ಜಿ ತುಂಬಿಸಿದೆವು.

ಮೂರನೆಯವಳು ಹ್ಯಾಂಡ್‌ಪೋಸ್ಟಿನಲ್ಲಿ ಐದರವರೆಗೆ ಕಾದು ಹೋದ ಹುಡುಗಿ. ಹಾಡಿಯಲ್ಲಿ ಮನೆಗೆ ಬೀಗ. ಕಾಫಿ ಹಣ್ಣು ಕೀಳುವ ಕಾಲ, ಮನೆಯವರೆಲ್ಲಾ ಕೊಡಗಿನ ಯಾವುದೋ ತೋಟಕ್ಕೆ ಹೋಗಿದ್ದರು. ಯಾವ ತೋಟ ಅಂತ ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. "ದುಡ್ಡು ಸಿಕ್ಕಿದ್ರೆ ಅವ್ಳು ಹಾಸ್ಟೆಲಲ್ಲೇ ಇರ್ತೀನಿ ಅಂದಿದ್ಲು" ಅಂದರು ಒಬ್ಬ ಅಜ್ಜಿ. ಐದು ದಿನ ಮುಗಿಯಿತು. ಅವಳ ಅರ್ಜಿ ಬರಲಿಲ್ಲ.

ಬೇಸಿಗೆಯಲ್ಲಿ ಅವಳು ವಾಪಸ್ ಬಂದಳು ಅಂತ ಕೇಳಿ ಹೋಗಿ ಮಾತಾಡಿಸಿದೆವು. ತಪ್ಪು ನಮ್ಮದು ಅಂದೆವು. "ಸರ್ವರ್ ಪ್ರಾಬ್ಲಮ್ ಅಲ್ವಾ ಅಣ್ಣ, ನೀವೇನ್ ಮಾಡ್ತೀರಿ" ಅಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆ ವರ್ಷದ ಪರೀಕ್ಷೆ ಅವಳು ಬರೆದಿರಲಿಲ್ಲ. ಮುಂದಿನ ಸಲದ ಅರ್ಜಿಗೆ ಅವಳ ಹೆಸರನ್ನು ಮೊದಲ ದಿನವೇ ಹಾಕಿಸಿದೆವು. ಆದರೆ ಹೋದ ವರ್ಷ ಹೋಯಿತು.

ಸರ್ವರ್ ಪ್ರಾಬ್ಲಮ್ ಅಂದರೆ ಮಳೆ ಬಂದ ಹಾಗೆ ತಾನಾಗಿ ಬರುವುದಲ್ಲ. ಅದರ ಹಿಂದೆ ನಮ್ಮಂಥ ಯಾರೋ ಒಂದು ಲೆಕ್ಕ ತಪ್ಪಿರುತ್ತಾರೆ. ಹಾಗಾಗಿ ನಿಮಗೆ ಎರಡು ಮಾತು. ಅರ್ಜಿ ಹಾಕುವಾಗ ವಿವರಗಳನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡು ಕೂರಿ, ಟೋಕನ್ನಿಗೆ ಅವಧಿ ಇರುತ್ತದೆ. "ಅವಧಿ ಮುಗಿದಿದೆ" ಅಂತ ಬಂದರೆ ಹೆದರಬೇಡಿ, ಹೊಸದಾಗಿ ಲಾಗಿನ್ ಆಗಿ. ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ಲಾಗೌಟ್ ಮಾಡದೆ ಏಳಬೇಡಿ. ಎರಡನೆಯದು, ಪುಟ ತೆರೆಯಿತು ಅಂದ ಮಾತ್ರಕ್ಕೆ ಅರ್ಜಿ ಹೋಯಿತು ಅಂದುಕೊಳ್ಳಬೇಡಿ. ಅರ್ಜಿ ಸಂಖ್ಯೆ ಕಣ್ಣಿಗೆ ಬಿದ್ದ ಮೇಲೆ, ಅದನ್ನು ಬರೆದುಕೊಂಡ ಮೇಲೆ ಅಂಗಡಿಯಿಂದ ಏಳಿ.

ಗೆಳೆಯ ಈಗಲೂ ಸೈಟು ಮಾಡುತ್ತಾನೆ. ಟೆಸ್ಟ್ ಮಾಡುವ ದಿನ ನಮ್ಮನ್ನು ಕರೆಯುತ್ತಾನೆ. ತಪ್ಪಿನ ಕಾಲಂನಲ್ಲಿ ಸೊನ್ನೆ ಬಂದರೆ ಈಗ ನಾವು ಊಟಕ್ಕೆ ಏಳುವುದಿಲ್ಲ. ಮೊದಲು ಪೆಟ್ಟಿಗೆ ತೆರೆದು ಅರ್ಜಿ ಎಣಿಸುತ್ತೇವೆ.